ವಾಡಿಯ ಶೆಡ್ಡಿನಲ್ಲಿ ಚಳಿಗಾಲ ಕಳೆದ ಕೌದಿಗಳು

ಮೊನ್ನೆ ಹೈದರಾಬಾದಿಗೆ ಹೋಗುವಾಗ ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಬೇಕಾಯಿತು. ಮುಂದಿನ ಗಾಡಿ ತಡ. ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತ ಒಬ್ಬಾತ ಮೊಬೈಲಿನಲ್ಲಿ ಜೋರಾಗಿ ಸುದ್ದಿ ಹಾಕಿಕೊಂಡಿದ್ದ. ಎಲ್ಲೋ ದೂರದಲ್ಲಿ ಚಂಡಮಾರುತ ಎದ್ದು ಊರೂರೇ ಕೊಚ್ಚಿ ಹೋಗಿವೆಯಂತೆ. ಆ ದೇಶಕ್ಕೂ ಅದರ ನೆರೆಯ ದೇಶಕ್ಕೂ ಎಷ್ಟೋ ವರ್ಷದಿಂದ ಮಾತಿಲ್ಲ ಕತೆಯಿಲ್ಲ. ಆದರೂ ನೆರೆಯವರು ‘ನೆರವು ನೀಡಲು ಸಿದ್ಧರಿದ್ದೇವೆ’ ಎಂದಿದ್ದಾರಂತೆ. ಎಷ್ಟು ದೊಡ್ಡ ಮನಸ್ಸು ನೋಡ್ರಿ ಅಮ್ಮಾ ಅಂದ ಆತ. ನನಗೆ ಮೈಯೆಲ್ಲ ಉರಿಯಿತು. ಸಿದ್ಧ ಇದ್ದೇವೆ ಅನ್ನೋದಕ್ಕೆ ಏನು ಖರ್ಚಪ್ಪಾ, ಹೋಯಿತೇ, ಮುಟ್ಟಿತೇ, ಅದನ್ನು ಕೇಳು ಅಂದುಬಿಟ್ಟೆ. ಪಾಪ, ಅವನದೇನು ತಪ್ಪು? ಎದ್ದು ಇನ್ನೊಂದು ಬೆಂಚಿಗೆ ಹೋದ.

ನನ್ನ ಸಿಟ್ಟು ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಇರುವುದು. ನನ್ನ ಕೈಯಲ್ಲಿ ಕಲಿತ ಹುಡುಗಿಯರೆಲ್ಲ ಈಗ ಅಜ್ಜಿಯರಾಗಿದ್ದಾರೆ, ಇಂದಿಗೂ ನನ್ನ ಕಂಡರೆ ಸೆರಗು ಸರಿಮಾಡಿಕೊಳ್ಳುತ್ತಾರೆ. ಆದರೆ ಅವತ್ತಿನ ಸಿಟ್ಟು ಬರೀ ಸ್ವಭಾವದ್ದಲ್ಲ. ಆ ಪ್ಲಾಟ್‌ಫಾರ್ಮಿನ ಆಚೆ ತುದಿಗೆ ಹಿಂದೆ ಒಂದು ತಗಡಿನ ಗೂಡ್ಸ್ ಶೆಡ್ಡು ಇತ್ತು. ಎಪ್ಪತ್ತನೇ ಇಸವಿಯ ಚಳಿಗಾಲವನ್ನು ನಾನು ಅದರ ಬಾಗಿಲು ಬಡಿಯುತ್ತ ಕಳೆದಿದ್ದೇನೆ.

ಆಗ ನಾನು ವಾಡಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ತವರು ಸೇಡಂ. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಖೈರುನ್ನಿಸಾ ಅನ್ನುವ ವಿಧವೆಯ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಓಣಿಗೆಲ್ಲ ಅವರು ಖೈರುಬಿ, ನನಗೆ ಖಾಲಾ, ಅಂದರೆ ಚಿಕ್ಕಮ್ಮ. ಗಂಡ ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದು ತೀರಿಕೊಂಡಿದ್ದರು. ಮಕ್ಕಳಿಲ್ಲ. ಜಂಪರು, ಲಂಗ, ಶಾಲೆಯ ಹುಡುಗಿಯರ ಫ್ರಾಕು ಹೊಲಿದು ಜೀವನ ನಡೆಸುತ್ತಿದ್ದರು. ಅವರಿಗೆ ತಮ್ಮವರು ಅಂತ ಇದ್ದದ್ದು ಒಬ್ಬನೇ ತಮ್ಮ, ರಶೀದ್. ತಾಯಿ ಸತ್ತಾಗ ಅವನಿನ್ನೂ ತೊಟ್ಟಿಲಲ್ಲಿದ್ದನಂತೆ. ಖಾಲಾನೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದು. ನಿಜಾಮರ ರಾಜ್ಯ ಮುಗಿದ ಗದ್ದಲದಲ್ಲಿ ಅವನು ಗೆಳೆಯರ ಬೆನ್ನು ಹತ್ತಿ ಹೋಗಿ ಪೂರ್ವ ಪಾಕಿಸ್ತಾನ ಸೇರಿದ. ಅಲ್ಲಿ ಸಮುದ್ರದ ಸಮೀಪದ ಒಂದು ಊರಲ್ಲಿ ರೈಲ್ವೆ ಕೆಲಸ ಹಿಡಿದು ಸಂಸಾರ ಹೂಡಿದ. ಅರವತ್ತೈದರ ಲಡಾಯಿ ಆದ ಮೇಲೆ ಅವನ ಸುದ್ದಿ ಬರುವುದೇ ಅಪರೂಪವಾಗಿತ್ತು.

ನವೆಂಬರಿನಲ್ಲಿ ಒಂದು ಸಂಜೆ ಸ್ಟೇಷನ್ ರೋಡಿನ ಹೋಟೆಲಿನ ರೇಡಿಯೋ ಮುಂದೆ ಜನ ಗುಂಪುಗೂಡಿದ್ದರು. ಪೂರ್ವ ಪಾಕಿಸ್ತಾನದಲ್ಲಿ ಚಂಡಮಾರುತ ಎದ್ದು ಸಮುದ್ರ ಊರೊಳಗೆ ನುಗ್ಗಿದೆ, ಸತ್ತವರ ಲೆಕ್ಕವೇ ಸಿಗುತ್ತಿಲ್ಲ ಎಂದು ಸುದ್ದಿ. ನಾನು ಮನೆಗೆ ಹೋಗಿ ಹೇಗೆ ಹೇಳಲಿ ಎಂದು ಚಡಪಡಿಸುತ್ತ ಹೋದರೆ ಖಾಲಾನಿಗೆ ಆಗಲೇ ತಿಳಿದಿತ್ತು. ಹೊಲಿಗೆ ಮಿಷಿನ್ನಿನ ಮುಂದೆ ಸುಮ್ಮನೆ ಕೂತಿದ್ದರು. ಸಮುದ್ರ ಊರಿನೊಳಗೆ ಹೇಗೆ ಬರುತ್ತದೆ ಬೇಟಿ, ಅದಕ್ಕೆ ದಂಡೆ ಇರುವುದಿಲ್ಲವೇ ಎಂದು ನನ್ನನ್ನು ಕೇಳಿದರು. ನಾನಾದರೂ ಸಮುದ್ರ ಎಲ್ಲಿ ನೋಡಿದ್ದೆ? ನಮಗೆಲ್ಲ ಗೊತ್ತಿದ್ದದ್ದು ಕಾಗಿಣಾ ಹೊಳೆ. ಮಳೆಗಾಲದಲ್ಲಿ ಅದು ಉಕ್ಕಿ ಶಹಾಬಾದಿನ ಕೆಳಗಿನ ಹೊಲಗಳಿಗೆ ಬರುತ್ತದೆ, ಎರಡು ದಿನ ನಿಂತು ಹೋಗುತ್ತದೆ. ನೀರು ಬಂದರೆ ಇಳಿಯಲೇಬೇಕು ಖಾಲಾ, ಇಳಿಯುತ್ತದೆ ಅಂದೆ.

“ಇಳಿತದ, ಖರೇ,” ಅಂದರು. “ಇಳಿದ ಮ್ಯಾಲ ಉಳಿದವ್ರಿಗಿ ಹೊಚ್ಕೊಳ್ಳಾಕ ಏನ್ ಇರ್ತದ? ಈಗ ಥಂಡಿ ಚಾಲೂ ಆಗ್ಯಾದ.”

ಮರುದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಪಡಸಾಲೆಯ ಬಂಡೆಗಲ್ಲಿನ ನೆಲದ ಮೇಲೆ ತಮ್ಮ ಹಳೆ ಸೀರೆ, ಗಂಡನ ಲುಂಗಿ ಒಂದರ ಮೇಲೊಂದು ಹಾಸಿ, ನಾಲ್ಕು ಮೂಲೆಗೂ ಕಲ್ಲು ಇಟ್ಟು, ಕೌದಿ ಹೊಲಿಯಲು ಕೂತುಬಿಟ್ಟಿದ್ದರು. ಯಾರಿಗೆ ಅಂದರೆ ರಶೀದ್ ಸಿಕ್ಕರೆ ರಶೀದನಿಗೆ, ಸಿಗದಿದ್ದರೆ ಅವನ ಓಣಿಯವರಿಗೆ. ಹೇಗೆ ಕಳಿಸುತ್ತೀರಿ ಅಂದರೆ, ನೀನು ಓದಿದಾಕಿ ಇದ್ದೀ ಅಲ್ಲ, ಅದು ನಿನ್ನ ಕೆಲಸ ಅಂದರು. ಚಳಿ ಮುಗಿಯುವುದರೊಳಗೆ ಅದು ಅಲ್ಲಿಗೆ ಮುಟ್ಟಬೇಕು, ಅಷ್ಟೇ. ಮತ್ತೇನೂ ಅವರು ಕೇಳಲಿಲ್ಲ. ಇಪ್ಪತ್ತಾರು ವಯಸ್ಸಿನ ನನಗೆ ಅದು ಅಂಥ ದೊಡ್ಡ ಕೆಲಸ ಅನಿಸಲೂ ಇಲ್ಲ. ರೈಲು ನಮ್ಮ ಮನೆಯ ಹಿಂದೆಯೇ ಓಡುತ್ತಿತ್ತಲ್ಲ!

ಒಂದು ಕೌದಿಗೆ ರೈಲು ಬರುವುದಿಲ್ಲ, ಹತ್ತಾರು ಆದರೆ ಬಂದೀತು ಅಂದುಕೊಂಡು ನಾನೇ ಮುಂದೆ ಬಿದ್ದೆ. ದೊಡ್ಡಬಾಯಿಯವರ, ಅಂದರೆ ನಮ್ಮ ಹೆಡ್‌ಮಿಸ್ಟ್ರೆಸ್ಸರ, ಕಾಲು ಕೈ ಹಿಡಿದು ಶಾಲೆ ಬಿಟ್ಟ ಮೇಲೆ ವರಾಂಡ ಬಿಡಿಸಿಕೊಂಡೆ. ರೈಲ್ವೆ ಕ್ವಾರ್ಟರ್ಸಿನ ಹೆಂಗಸರು, ಸಿಮೆಂಟ್ ಫ್ಯಾಕ್ಟರಿಯ ಕೂಲಿಗಳ ಮನೆಯವರು, ಕಲ್ಲಿನ ಗಣಿಗೆ ಹೋಗುವವರು ಗಂಟು ಕಟ್ಟಿಕೊಂಡು ಬಂದರು. ಬಂದ ಬಟ್ಟೆಯನ್ನೆಲ್ಲ ಮೊದಲು ಝಾಡಿಸಬೇಕು. ಫ್ಯಾಕ್ಟರಿಯ ಬಿಳೀ ಧೂಳು ನಮ್ಮೂರಲ್ಲಿ ಪೆಟ್ಟಿಗೆಯ ಒಳಗೂ ಹೋಗಿ ಕೂತಿರುತ್ತಿತ್ತು. ಸುತ್ತಿನಿಂದ ಒಳಗೆ ಒಳಗೆ ದಾರ ಓಡಿಸುತ್ತ, ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ತುಕಡಿ ಜೋಳದ ರೊಟ್ಟಿ ಇಟ್ಟು ಹೊಲಿದುಬಿಡುತ್ತಿದ್ದರು. ಕೌದಿಗೆ ತುತ್ತು. ಕೌದಿ ಉಪವಾಸ ಇರಬಾರದು, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ ಎಂದು ನಮ್ಮ ಕಡೆಯ ರೂಢಿ. ಅದರ ಬಗ್ಗೆ ಯಾರೂ ಎರಡು ಸಲ ಯೋಚಿಸುವುದಿಲ್ಲ, ಚಹಾಕ್ಕೆ ಸಕ್ಕರೆ ಹಾಕುವಾಗ ಯಾರು ಯೋಚಿಸುತ್ತಾರೆ?

ಗ್ಯಾಂಗ್‌ಮನ್ ಒಬ್ಬರ ಹೆಂಡತಿ ನೀಲವ್ವ ಮಾತ್ರ ವರಾಂಡದ ಕಂಬಕ್ಕೆ ಒರಗಿ ನೋಡುತ್ತ ನಿಂತಳು. ಅವಳ ಅಣ್ಣ ಸಿಪಾಯಿ. ಅರವತ್ತೈದರ ಲಡಾಯಿಯಲ್ಲಿ ಸತ್ತವನು. ನನ್ನ ಅಣ್ಣನ್ನ ಹೊಡೆದವ್ರಿಗಿ ನಾ ಕೌದಿ ಹೊಲೀಬೇಕೇನ್ರಿ ಟೀಚರಬಾಯಿ ಎಂದು ಎಲ್ಲರ ಮುಂದೆ ಕೇಳಿದಳು. ಸೂಜಿಗಳೆಲ್ಲ ನಿಂತವು. ನಾನು ಭೂಗೋಳದ ಪಾಠ ಶುರುಮಾಡಿದೆ, ಅದು ಬೇರೆ ದಿಕ್ಕು, ಈ ಜನ ಬೇರೆ, ಬೆಸ್ತರು, ಒಕ್ಕಲಿಗರು ಅಂತ. ನೀಲವ್ವ ನನ್ನ ಮಾತಿಗೆ ಕವಡೆ ಕಿಮ್ಮತ್ತು ಕೊಡಲಿಲ್ಲ. ಖಾಲಾ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದರು. ನೀಲವ್ವ ಅವತ್ತು ಕೂಡಲಿಲ್ಲ. ಕೆಲವು ದಿನ ಬಿಟ್ಟು ಬಂದಳು. ಕಂಕುಳಲ್ಲಿ ಒಂದು ಧೋತರ.

“ಅಣ್ಣಂದು,” ಅಂದಳು. “ಪೆಟಿಗ್ಯಾಗ ಇಟ್ಟು ನುಸಿ ಹತ್ತಿಸೋದಕಿಂತ ಯಾರರ ಹೊಚ್ಕೊಳ್ಳಿ. ಆದ್ರ ಅವ್ರಿಗಿ ಒಳ್ಳೇದಾಗ್ಲಿ ಅಂತ ನನ್ನ ಬಾಯಿಂದ ಬರಲ್ಲ ನೋಡ್ರಿ, ಅದೊಂದು ಕೇಳಬ್ಯಾಡ್ರಿ.” ಯಾರೂ ಕೇಳಲಿಲ್ಲ. ಖಾಲಾನ ಪಕ್ಕದಲ್ಲಿ ಕೂತು ಹೊಲಿದಳು. ವರಾಂಡದಲ್ಲೆಲ್ಲ ಅವಳ ಹೊಲಿಗೆಯೇ ನೇರ ಇತ್ತು.

ಸುದ್ದಿ ಹಬ್ಬಿತು. ಸೇಡಂನಿಂದ ನಮ್ಮವ್ವ ಎರಡು ಕೌದಿ ಕಳಿಸಿದಳು. ಚಿತ್ತಾಪುರದ ದರ್ಜಿ ಓಣಿಯವರು ಒಂದು ಗಂಟು ಕೊಟ್ಟರು, ಶಹಾಬಾದಿನ ಗಣಿಯವರು ಇನ್ನೊಂದು. ಚಿಂಚೋಳಿ ಕಡೆ ಐನಾಪುರದಲ್ಲಿದ್ದ ನನ್ನ ಸೋದರತ್ತೆ ಬಸ್ಸಿನ ಮೇಲೆ ಹಾಕಿ ಕಳಿಸಿದ ಕೌದಿಯ ಹಿಂದೆ ಇರುವೆಯ ಸಾಲೇ ಬಂದಿತ್ತು. ಅತ್ತೆ ಧಾರಾಳಿ, ತುತ್ತಿಗೆ ಬೆಲ್ಲ ಸವರಿದ್ದಳು. ನಕ್ಕೂ ನಕ್ಕೂ ನಮ್ಮ ಹೊಟ್ಟೆ ಹುಣ್ಣಾಯಿತು. ಆ ಇಡೀ ವರ್ಷದಲ್ಲಿ ಹಾಗೆ ನಕ್ಕಿದ್ದು ಅದೊಂದೇ ಸಲ ಅಂತ ನೆನಪು.

ಅಷ್ಟರಲ್ಲಿ ಶಂಕ್ರಪ್ಪ ಸಾಹುಕಾರರು ಬಂದರು. ಬಂಡೆಗಲ್ಲಿನ ವ್ಯಾಪಾರಿ, ಊರಲ್ಲಿ ಏನೇ ಸಮಿತಿ ಆದರೂ ಅಧ್ಯಕ್ಷರು ಅವರೇ. ಕೆಟ್ಟವರಲ್ಲ. ಕುರ್ಚಿ ಖಾಲಿ ಕಂಡರೆ ಕೂಡುವ ಚಟ, ಅಷ್ಟೇ. ಪರಿಹಾರ ಸಮಿತಿ ಅಂತ ಮಾಡಿ, ತಮ್ಮ ಗಾಡಿಯಲ್ಲೇ ಕೌದಿಗಳನ್ನು ಗೂಡ್ಸ್ ಶೆಡ್ಡಿಗೆ ಸಾಗಿಸಿದರು. ಗೋಣಿಪಟ್ಟೆ ಹಾಕಿ ಗಟ್ಟಿಯಾಗಿ ಹೊಲಿದ ದೊಡ್ಡ ದೊಡ್ಡ ಗಂಟುಗಳು. ಈ ವಾರವೇ ಹೋಗುತ್ತವೆ, ನಾನು ಮಾತಾಡಿದ್ದೇನೆ ಅಂದರು. ಖಾಲಾ ಅವತ್ತು ಓಣಿಗೆಲ್ಲ ಸಿಹಿ ಹಂಚಿದರು.

ಆ ವಾರ ಹೋಗಲಿಲ್ಲ. ಮುಂದಿನ ವಾರವೂ ಹೋಗಲಿಲ್ಲ. ನಾನು ದಿನಾ ಶಾಲೆ ಬಿಟ್ಟವಳೇ ಶೆಡ್ಡಿಗೆ ಹೋಗುವುದು, ಗಂಟು ಅಲ್ಲೇ ಇರುವುದು. ಅಲ್ಲಿನ ಗುಮಾಸ್ತರು ವೆಂಕಟರಾವ್ ಅಂತ, ತಾಂಡೂರು ಕಡೆಯವರು, ಮೆತ್ತಗಿನ ಮನುಷ್ಯ. ಕಲ್ಕತ್ತಾ ತನಕ ಬೇಕಾದರೆ ಈಗಲೇ ಬುಕ್ ಮಾಡುತ್ತೇನೆ ಅಮ್ಮಾ, ಆದರೆ ಅಲ್ಲಿಂದ ಆಚೆ ಯಾರು ತೆಗೆದುಕೊಂಡು ಹೋಗುತ್ತಾರೆ ಅಂತ ಮೇಲಿನಿಂದ ಬರೆದು ಬರಬೇಕು ಅಂದರು. ಯಾವ ಮೇಲು? ಅವರಿಗೂ ಗೊತ್ತಿಲ್ಲ. ನಾನು ಅವರ ಮೇಲೆ ಕೂಗಾಡಿದೆ. ಅವರು ನನಗೆ ಕುಡಿಯಲು ನೀರು ತರಿಸಿಕೊಟ್ಟರು. ಕೂಗಾಡಿದವರಿಗೆ ನೀರು ಕೊಟ್ಟರೆ ಸಿಟ್ಟು ಇನ್ನೂ ಹೆಚ್ಚಾಗುತ್ತದೆ ಅಂತ ಆ ಪುಣ್ಯಾತ್ಮರಿಗೆ ಯಾರೂ ಹೇಳಿರಲಿಲ್ಲ.

ಮನೆಗೆ ಹೋದರೆ ಖಾಲಾ ಕಣ್ಣಲ್ಲೇ ಕೇಳುತ್ತಿದ್ದರು. ನಾನು ತಲೆ ಅಲ್ಲಾಡಿಸುತ್ತಿದ್ದೆ. ಹೋಟೆಲಿನ ರೇಡಿಯೋದಲ್ಲಿ ದಿನಕ್ಕೊಂದು ಸುದ್ದಿ. ನಾವು ವಿಮಾನದಲ್ಲಿ ಸಾಮಾನು ಕಳಿಸುತ್ತೇವೆ ಅಂದರೆ, ನಿಮ್ಮ ವಿಮಾನ ಬೇಡ, ರಸ್ತೆಯ ಮೇಲೆ ಬರಲಿ ಎಂದು ಅವರು ಅನ್ನುವುದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ಬಾಗಿಲಲ್ಲಿ ನಿಂತು ಕೊಡುವವರ ಕೈಯನ್ನೂ ತೆಗೆದುಕೊಳ್ಳುವವರ ಕೈಯನ್ನೂ ಅನುಮಾನದಿಂದ ನೋಡುವ ಜನರ ನಡುವೆ ಸಿಕ್ಕು, ಆ ಕಡೆ ಕೊರೆಯುವ ಚಳಿಯಲ್ಲಿ ಮನುಷ್ಯರು ಕೂತಿದ್ದರು. ವಾಡಿಯಲ್ಲೂ ಆ ವರ್ಷ ಚಳಿ ಹೆಚ್ಚು. ಬೆಳಿಗ್ಗೆ ಬಂಡೆಗಲ್ಲಿನ ನೆಲಕ್ಕೆ ಕಾಲಿಟ್ಟರೆ ಜೀವ ಹಾರುತ್ತಿತ್ತು. ಖಾಲಾ ಅದರ ಮೇಲೆ ಬರಿಗಾಲಲ್ಲಿ ನಿಂತು ನಮಾಜು ಮಾಡುತ್ತಿದ್ದರು. ಚಾಪೆ ಹಾಸಿಕೊಳ್ಳಿ ಅಂದರೆ ಕೇಳುತ್ತಿರಲಿಲ್ಲ.

ಕೊನೆಗೆ ಒಂದು ದಿನ ರಜೆ ಹಾಕಿ ಗುಲ್ಬರ್ಗಾಕ್ಕೇ ಹೋದೆ. ಒಂದು ಕಚೇರಿಯಿಂದ ಇನ್ನೊಂದು ಕಚೇರಿ, ಅಲ್ಲಿಂದ ಮತ್ತೊಂದು. ಮಧ್ಯಾಹ್ನದ ಮೇಲೆ ಒಬ್ಬ ಸಾಹೇಬರು ಸಿಕ್ಕರು. ಕೂತು ಕೇಳಿದರು, ತಾಳ್ಮೆಯಿಂದಲೇ ಕೇಳಿದರು. ಆಮೇಲೆ, ಇದು ವಿದೇಶಾಂಗದ ವಿಷಯ ತಾಯಿ, ನಮ್ಮ ಕೈಯಲ್ಲಿಲ್ಲ ಅಂದರು. ವಿದೇಶಾಂಗ! ನಮ್ಮವ್ವನ ಹಳೇ ಇಳಕಲ್ ಸೀರೆ, ಖಾಲಾನ ಗಂಡನ ಲುಂಗಿ ವಿದೇಶಾಂಗದ ವಿಷಯ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ದೇವರು ಯಾರು, ಪೂಜಾರಿ ಯಾರು ಅನ್ನುವುದೇ ನನಗೆ ತಿಳಿಯಲಿಲ್ಲ. ವಾಪಸ್ ಬರುವಾಗ ರೈಲಿನಲ್ಲಿ ಅತ್ತುಬಿಟ್ಟೆ. ಎದುರಿಗೆ ಕೂತ ಮುದುಕಿ ಗಂಡ ಬೈದನೇನವ್ವಾ ಅಂತ ಕೇಳಿದಳು. ನನಗೆ ಗಂಡನೇ ಇಲ್ಲ ಅಂದೆ, ಇನ್ನೂ ಕಳವಳ ಪಟ್ಟಳು.

ನಾನು ಹೋಗಿ ಬಾಗಿಲು ಬಡಿದು ಬಂದದ್ದರ ಫಲವೋ ಏನೋ, ಸಂಕ್ರಾಂತಿಯ ಮುಂಚೆ ಒಬ್ಬ ಅಧಿಕಾರಿ ತಪಾಸಣೆಗೆ ಅಂತ ವಾಡಿಗೆ ಬಂದರು. ಯಾವ ಇಲಾಖೆಯವರೋ ಕೊನೆಗೂ ನಮಗೆ ತಿಳಿಯಲಿಲ್ಲ. ಮೈಸೂರು ಕಡೆಯವರು. ಆ ಕಾಲಕ್ಕೆ ಅಲ್ಲಿಯವರಿಗೆ ನಮ್ಮ ಕಡೆ ವರ್ಗ ಆಯಿತೆಂದರೆ ಶಿಕ್ಷೆ, ಮುಖ ನೋಡಿದರೇ ತಿಳಿಯುತ್ತಿತ್ತು. ಪಾಕಿಸ್ತಾನಕ್ಕೆ ಸಾಮಾನು ಕಳಿಸುವ ಯೋಚನೆ ಮೊದಲು ಯಾರಿಗೆ ಬಂತು, ಆ ಹೆಂಗಸಿನ ತಮ್ಮ ಅಲ್ಲಿ ಏನು ಮಾಡುತ್ತಾನೆ, ಎಷ್ಟು ದಿನಕ್ಕೊಮ್ಮೆ ಬರೆಯುತ್ತಾನೆ ಎಂದೆಲ್ಲ ಕೇಳಿದರು. ಖಾಲಾ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಆಮೇಲೆ ಸಾಹೇಬರು ಶೆಡ್ಡಿನಲ್ಲಿ ಗಂಟು ಬಿಚ್ಚಿಸಿದರು. ಒಂದು ಕೌದಿ ಕೈಯಲ್ಲಿ ಹಿಡಿದು ಸವರುತ್ತ ಹೋದವರ ಬೆರಳು ಮೂಲೆಯಲ್ಲಿ ನಿಂತಿತು. ಇನ್ನೊಂದು ತೆಗೆದರು, ಅದರ ಮೂಲೆಯಲ್ಲೂ ಏನೋ ಗಟ್ಟಿ. ಮತ್ತೊಂದು, ಅದರಲ್ಲೂ.

“ಎಲ್ಲದರಲ್ಲೂ ಏನೋ ಇಟ್ಟು ಹೊಲಿದಿದ್ದೀರಲ್ಲ, ಏನಮ್ಮ ಇದು?” ಅಂದರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದನ್ನೂ ಹೇಳಬೇಕಾಗುತ್ತದೆ ಅಂತ ಯಾರಿಗೆ ಗೊತ್ತಿತ್ತು? ಜೊತೆಗಿದ್ದ ಹವಾಲ್ದಾರ ಹಣಮಂತಪ್ಪ ನಮ್ಮ ಸೇಡಂ ಕಡೆಯ ಆಡಕಿಯವನು, ಇಂಥದೇ ಕೌದಿಯಲ್ಲಿ ಮಲಗಿ ಬೆಳೆದವನು. ಸಾಹೇಬ್ರ, ಅದು ರೊಟ್ಟಿ ತುಕಡಿರಿ, ನಮ್ಮ ಕಡಿ ಕೌದಿ ಉಪಾಸ ಇಡಂಗಿಲ್ಲರಿ ಅಂದ. ಎಲ್ಲದರಲ್ಲೂ ರೊಟ್ಟಿಯೇ ಇದೆ ಅಂತ ನೀನು ಬರೆದುಕೊಡುತ್ತೀಯಾ ಎಂದು ಸಾಹೇಬರು ಕೇಳಿದರು. ಹಣಮಂತಪ್ಪ ಹಿಂದೆ ಸರಿದ. ಕತ್ತರಿ ತರಿಸಿದರು. ಖಾಲಾನ ಮಿಷಿನ್ನಿನ ಕತ್ತರಿಯೇ ಬಂತು, ಹತ್ತಿರದಲ್ಲಿ ಬೇರೆ ಇರಲಿಲ್ಲ. ಒಂದೊಂದೇ ಕೌದಿಯ ಮೂಲೆ ಕತ್ತರಿಸಿ ಒಣಗಿದ ರೊಟ್ಟಿ ತುಕಡಿಯನ್ನು ನೆಲಕ್ಕೆ ಕೆಡವುತ್ತ ಹೋದರು. ಎರಡು ಮೂರು ನೋಡಿದ ಮೇಲಾದರೂ ನಿಲ್ಲಿಸಬೇಕಲ್ಲ! ನಿಲ್ಲಿಸಲಿಲ್ಲ. ಶುರು ಮಾಡಿದ್ದನ್ನು ಪೂರ್ತಿ ಮಾಡದೆ ಹೋದರೆ ಅವರ ತಲೆಯ ಮೇಲೆ ಬರುತ್ತದೆಯಂತೆ.

ನೀಲವ್ವನ ಕೌದಿಯ ಸರದಿ ಬಂದಾಗ ಅವಳು ಮುಂದೆ ಬಂದು ಅದರ ಮೇಲೆ ಕೈಯಿಟ್ಟಳು. ಕೂಗಲಿಲ್ಲ. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

“ಇದು ನಮ್ಮಣ್ಣನ ಧೋತರರಿ ಸಾಹೇಬ್ರ. ಅಂವ ನಿಮ್ಮ ಸರಕಾರದ ಲಡಾಯಿದಾಗ ಸತ್ತಾನ. ಇವತ್ತು ನೀವು ಅಂವನ್ನೂ ತಪಾಸ ಮಾಡಾಕತ್ತೀರಿ.”

ಸಾಹೇಬರ ಮುಖ ಕೆಂಪಾಯಿತು. ಆದರೂ ಕತ್ತರಿಸಿದರು, ಒಂದನ್ನು ಬಿಟ್ಟರೆ ಉಳಿದದ್ದಕ್ಕೆ ಉತ್ತರ ಕೊಡಬೇಕಾಗುತ್ತದಮ್ಮ ಅಂದರು. ಆ ಮನುಷ್ಯನನ್ನು ಎಷ್ಟೋ ವರ್ಷ ಶಪಿಸಿದೆ. ಈಗ ಅನಿಸುತ್ತದೆ, ಅವರಿಗೂ ಒಬ್ಬರು ಮೇಲಿನವರಿದ್ದರು. ಆದರೆ ಸಿಟ್ಟು ಮಾತ್ರ ಹೋಗಿಲ್ಲ, ಹೋಗಲಿ ಅಂತ ನಾನು ಬಯಸುವುದೂ ಇಲ್ಲ.

ಅದಾದ ಸಂಜೆ ಸಾಹುಕಾರರು ನಮ್ಮ ಮನೆಗೆ ಬಂದರು. ಕುರ್ಚಿ ಹಾಕಿದರೂ ಕೂಡಲಿಲ್ಲ. ಗಂಟುಗಳಿಗೆ ಪರವಾನಗಿ ಸಿಗುವುದಾದರೆ ಸಿಗಲಿ, ಆದರೆ ಖೈರುಬಿ ಈ ಕೆಲಸದಿಂದ ಸ್ವಲ್ಪ ದೂರ ಇರಬೇಕು ಅಂದರು. ನಿಮ್ಮ ತಮ್ಮ ಅಲ್ಲಿ ಇರುವುದೇ ಇಷ್ಟಕ್ಕೆಲ್ಲ ಮೂಲ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ, ವರಾಂಡಕ್ಕೆ ಬರಬೇಡಿ, ಸಮಿತಿಯಲ್ಲಿ ಎಲ್ಲೂ ನಿಮ್ಮ ಹೆಸರು ಬರದೆ ಇರಲಿ ಅಂದರು. ನನ್ನ ನಾಲಿಗೆ ಆಗಲೇ ಬಾಗಿಲಿಗೆ ಬಂದಿತ್ತು. ಯೋಚನೆ ಅವರದು, ಮೊದಲ ಕೌದಿ ಅವರದು, ನೀವು ಯಾರು ಎಂದು ಶುರು ಮಾಡಿದೆ. ಖಾಲಾ ನನ್ನ ಕೈ ಹಿಡಿದು ಹಿಂದೆ ಎಳೆದರು.

“ನಾ ದೂರ ಇದ್ರ ಗಂಟು ಹೋಗ್ತಾವಂದ್ರ ನಾ ದೂರೇ ಇರ್ತೀನ್ರಿ,” ಅಂದರು. “ಥಂಡಿ ಇರೂದ್ರಾಗ ಹೋಗ್ಲಿ, ಅಷ್ಟ ನೋಡ್ರಿ.”

ಅವರು ಮತ್ತೆ ವರಾಂಡಕ್ಕೆ ಬರಲಿಲ್ಲ. ಗಂಟು ಮಾತ್ರ ಹೋಗಲಿಲ್ಲ. ಆ ತಾಳ್ಮೆ ನೋಡಿ ನನಗೆ ಸಾಹುಕಾರರಿಗಿಂತ ಖಾಲಾನ ಮೇಲೇ ಹೆಚ್ಚು ಸಿಟ್ಟು ಬರುತ್ತಿತ್ತು. ಒಂದು ಸಲವಾದರೂ ಬೈಯಬಾರದೇ, ಏನನ್ನಾದರೂ ಎತ್ತಿ ಒಗೆಯಬಾರದೇ ಅನಿಸುತ್ತಿತ್ತು. ಶಿವರಾತ್ರಿ ಆಯಿತು, ಚಳಿ ಶಿವಶಿವಾ ಅಂತ ಹೋಯಿತು. ಖಾಲಾ ಕೇಳುವುದನ್ನೂ ಬಿಟ್ಟರು. ನಾನು ಶೆಡ್ಡಿಗೆ ಹೋಗುವುದನ್ನೂ ಬಿಟ್ಟೆ.

ಯುಗಾದಿಯ ಹೊತ್ತಿಗೆ ರೇಡಿಯೋದ ದನಿಯೇ ಬದಲಾಯಿತು. ಅಲ್ಲಿ ಸೈನ್ಯ ಜನರ ಮೇಲೆ ಬಿದ್ದಿದೆ, ಜನ ಜೀವ ಉಳಿಸಿಕೊಳ್ಳಲು ಗಡಿ ದಾಟಿ ನಮ್ಮ ಕಡೆ ಬರುತ್ತಿದ್ದಾರೆ ಎಂದು. ಬೇಸಿಗೆ ಏರಿದ ಹಾಗೆ ಬರುವವರ ಸಂಖ್ಯೆಯೂ ಏರಿತು. ಖಾಲಾನಿಗೆ ಈಗ ಹೊಸ ಭಯ. ಬಂಗಾಳಿಗಳ ನಡುವೆ ಇದ್ದು ಮನೆಯಲ್ಲಿ ಉರ್ದು ಮಾತಾಡುವ ರಶೀದ್ ಆ ಗದ್ದಲದಲ್ಲಿ ಯಾರಿಗೆ ತನ್ನವನು, ಯಾರಿಗೆ ಪರಕೀಯ? ನೀರಿನಿಂದ ಉಳಿದಿದ್ದರೂ ಇದರಿಂದ ಉಳಿದಾನೋ ಇಲ್ಲವೋ. ಇತ್ತ ನಮ್ಮೂರಲ್ಲಿ ಅದೇ ಜನ ಒಮ್ಮೆಗೇ ನಮ್ಮವರಾದರು. ಗೋಡೆಯ ಮೇಲೆ ಬರಹ, ಹೋಟೆಲಿನಲ್ಲಿ ಚಂದಾ ಡಬ್ಬಿ. ಅವರು ಗಡಿಯ ಆಚೆ ಮುಳುಗುವಾಗ ಇಲ್ಲದ ಪರವಾನಗಿ, ಮನೆಮಾರು ಕಳೆದುಕೊಂಡು ಗಡಿಯ ಈಚೆ ಬಂದು ನಿಂತ ಮೇಲೆ ತಾನಾಗಿಯೇ ಬಂತು. ವೆಂಕಟರಾವ್ ಹೇಳಿ ಕಳಿಸಿದರು, ಗಂಟು ಕಲ್ಕತ್ತಾ ತನಕ ಹೋದರೆ ಈಗ ಸಾಕಂತೆ ಅಮ್ಮಾ ಅಂತ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಾನು ಆ ದಿನ ಊಟ ಮಾಡಲಿಲ್ಲ.

ಕತ್ತರಿಸಿದ ಮೂಲೆಗಳನ್ನು ಹೊಲಿಯಬೇಕಿತ್ತು. ನೀಲವ್ವ, ನಾನು, ಇನ್ನು ನಾಲ್ಕಾರು ಮಂದಿ ಮತ್ತೆ ವರಾಂಡದಲ್ಲಿ ಕೂತೆವು. ಬಂಡೆ ಕಾದು ಕೆಂಡವಾಗಿತ್ತು. ತುತ್ತು ಇಡಬೇಕೋ ಬೇಡವೋ ಅಂತ ಜಗಳವೇ ಆಯಿತು. ಇಡದೆ ಮುಚ್ಚುವುದು ಅಪಶಕುನ ಅಂತ ಕೆಲವರು. ಇಟ್ಟರೆ ಇನ್ಯಾವ ಸಾಹೇಬರು ಇನ್ಯಾವ ಊರಲ್ಲಿ ಕತ್ತರಿ ಹಾಕುತ್ತಾರೋ ಅಂತ ಕೆಲವರು. ನೀಲವ್ವ ಮನೆಗೆ ಹೋಗಿ ಖಾಲಾನನ್ನೇ ಕೇಳಿಕೊಂಡು ಬಂದಳು. ಬೇಡ, ಖಾಲಿನೇ ಮುಚ್ಚಿರಿ, ಮತ್ತೆ ತಡ ಆಗುವುದು ಬೇಡ ಅಂದರಂತೆ. ಖಾಲಿಯೇ ಮುಚ್ಚಿದೆವು.

ಮಳೆ ಇನ್ನೇನು ಬರಬೇಕು ಅನ್ನುವಾಗ ಗಂಟು ಕಳಿಸುವ ದಿನ ಗೊತ್ತಾಯಿತು. ಪ್ಲಾಟ್‌ಫಾರ್ಮಿಗೆ ತೋರಣ, ಬ್ಯಾಂಡು, ಗುಲ್ಬರ್ಗಾದಿಂದ ಒಬ್ಬ ಮುಖಂಡರು, ಫೋಟೋಗ್ರಾಫರ್. ಹಿಂದಿನ ದಿನ ಸಾಹುಕಾರರೇ ಮನೆಗೆ ಬಂದು ಈ ಸಲ ಕುರ್ಚಿಯಲ್ಲಿ ಕೂತು ಚಹಾ ಕುಡಿದರು. ಖೈರುಬಿ, ನೀವು ಬರಲೇಬೇಕು, ಎಲ್ಲರಿಗಿಂತ ಮುಂದೆ ನಿಲ್ಲಬೇಕು, ತಮ್ಮ ಅಲ್ಲಿ ಕಷ್ಟದಲ್ಲಿದ್ದಾನೆ, ಇಲ್ಲಿ ಅಕ್ಕ ಕೌದಿ ಹೊಲಿದಿದ್ದಾಳೆ ಎಂದು ಮುಖಂಡರಿಗೆ ಹೇಳಿದ್ದೇನೆ, ಅವರ ಕಣ್ಣಲ್ಲಿ ನೀರು ಬಂತು ಅಂದರು. ನನ್ನ ಬಾಯಲ್ಲಿ ಇದ್ದದ್ದನ್ನು ಇಲ್ಲಿ ಬರೆಯಲಾರೆ. ಖಾಲಾ ಬರುತ್ತೇನೆ ಅಂದುಬಿಟ್ಟರು. ಮನೆಗೆ ಬಂದು ಕರೆದವರಿಗೆ ಒಲ್ಲೆ ಅಂದು ಅವರಿಗೆ ರೂಢಿಯಿರಲಿಲ್ಲ.

ಬಿಸಿಲು ರಣಗುಟ್ಟುತ್ತಿತ್ತು. ಬಿಳಿ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ಬಂದ ಖಾಲಾನನ್ನು ಕೈಹಿಡಿದು ಕರೆದು ಮುಖಂಡರಿಗೂ ಸಾಹುಕಾರರಿಗೂ ನಡುವೆ ನಿಲ್ಲಿಸಿದರು. ಕೈಯಲ್ಲಿ ಒಂದು ಕೌದಿ ಮಡಿಸಿ ಕೊಟ್ಟರು. ಅದು ಅವರದೂ ಅಲ್ಲ, ಯಾರದೋ. ಹಿಂದೆ ಗಂಟುಗಳು, ಅದರ ಹಿಂದೆ ಗಾಡಿ. ನಾನು, ನೀಲವ್ವ ಪಕ್ಕದಲ್ಲೇ ನಿಂತಿದ್ದೆವು, ಆದ್ದರಿಂದ ಕೇಳಿಸಿತು. ಬ್ಯಾಂಡು ನಿಂತ ಹೊತ್ತಿಗೆ ಖಾಲಾ ಸಾಹುಕಾರರ ಕಡೆ ತಿರುಗಿ, ಮನೆಯಲ್ಲಿ ಮಾತಾಡಿದಷ್ಟೇ ಮೆಲ್ಲಗೆ ಕೇಳಿದರು.

“ಸಾಹುಕಾರ್ರ, ಥಂಡಿ ದಿನದಾಗ ನನ್ನ ತಮ್ಮ ಅಲ್ಲಿ ಇದ್ದಾನಂತ ನನ್ನ ದೂರ ನಿಂದ್ರಿಸಿದ್ರಿ. ಇವತ್ತು ಅದಕ್ಕೇ ಮುಂದ ನಿಂದ್ರಿಸೀರಿ. ಅಂವ ಯಾವ ತಿಂಗಳದಾಗ ಮುಳುಗಿದ್ರ ನಿಮಗ ಅಡ್ಡಿಯಿಲ್ಲ ಅಂತ, ಅದೊಂದು ಹೇಳ್ರಿ.”

ಅಷ್ಟರಲ್ಲಿ ಫೋಟೋಗ್ರಾಫರ್ ಕರಿ ಬಟ್ಟೆಯಿಂದ ತಲೆ ಹೊರಗೆ ಹಾಕಿ, ಅಮ್ಮಾ ಈ ಕಡಿ ನೋಡ್ರಿ, ಕ್ಯಾಮೆರಾದ ಕಡಿ ನೋಡ್ರಿ ಎಂದು ಕೂಗಿದ. ಸಾಹುಕಾರರಿಗೆ ಜೀವ ಬಂದ ಹಾಗಾಯಿತು. ಕೂಡಲೇ ಅತ್ತ ತಿರುಗಿದರು.

ಗಂಟು ಹೋದವು. ಯಾರಿಗೆ ಮುಟ್ಟಿದವೋ, ಮುಟ್ಟಿದವೋ ಇಲ್ಲವೋ, ಗೊತ್ತಿಲ್ಲ. ಮರು ವರ್ಷ ನನಗೆ ಚಿಂಚೋಳಿಗೆ ವರ್ಗವಾಯಿತು. ಅದರ ಪಕ್ಕದ ಚಂದಾಪುರದಲ್ಲಿ ಮನೆ ಮಾಡಿ, ರಜೆಯಲ್ಲೆಲ್ಲ ವಾಡಿಗೆ ಬಂದು ಖಾಲಾನನ್ನು ನೋಡಿ ಹೋಗುತ್ತಿದ್ದೆ. ಆ ದೇಶದ ಹೆಸರೇ ಬದಲಾಯಿತು, ರಶೀದನ ಸುದ್ದಿ ಮಾತ್ರ ಬರಲಿಲ್ಲ. ಇದ್ದಾನೆ ಅಂತಲೂ ಬರಲಿಲ್ಲ, ಇಲ್ಲ ಅಂತಲೂ ಬರಲಿಲ್ಲ. ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ಖಾಲಾ ಹಾಗೆಯೇ ಹೋದರು.

ಅವತ್ತಿನ ಫೋಟೋ ಪೇಪರಿನಲ್ಲಿ ಬಂದಿತ್ತು, ನನ್ನ ಹತ್ತಿರ ಇದೆ. ಮುಖಂಡರು ನಗುತ್ತ ಕ್ಯಾಮೆರಾ ನೋಡುತ್ತಿದ್ದಾರೆ. ಸಾಹುಕಾರರು ನೋಡುತ್ತಿದ್ದಾರೆ, ಬ್ಯಾಂಡಿನವರು ನೋಡುತ್ತಿದ್ದಾರೆ, ನೀಲವ್ವನ ಪಕ್ಕದಲ್ಲಿ ಹುಬ್ಬು ಗಂಟಿಕ್ಕಿಕೊಂಡು ನಾನೂ ನೋಡುತ್ತಿದ್ದೇನೆ. ಖಾಲಾ ಒಬ್ಬರೇ ಕ್ಯಾಮೆರಾ ನೋಡುತ್ತಿಲ್ಲ. ಸಾಹುಕಾರರ ಮುಖವನ್ನೇ ನೋಡುತ್ತ ನಿಂತಿದ್ದಾರೆ, ಕೇಳಿದ್ದಕ್ಕೆ ಉತ್ತರ ಬರಲಿ ಎಂದು.